ಓದುಗರ ಪ್ರಶ್ನೆ: ಕಂಪನಿಯ ಹೆಸರಿಗೆ ಕುತ್ತು ಬಂದಾಗ

ಈ ಸಲ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ವಿಡಿಯೊ ವೈರಲ್ ಆಗಿದೆ, ಟಿ.ವಿ.ಯವರು ಗೇಟಿನ ಮುಂದೆ ನಿಂತಿದ್ದಾರೆ, ಗ್ರಾಹಕರು ಸಿಟ್ಟಾಗಿದ್ದಾರೆ, ಈಗೇನು ಮಾಡುವುದು? ಬರೆದವರ ಹೆಸರು ಬಿಟ್ಟು ಊರು, ಉದ್ಯೋಗ ಮಾತ್ರ ಕೊಟ್ಟಿದ್ದೇವೆ.

ಪ್ರಶ್ನೆ: ನಮ್ಮದು ಸಾಂಬಾರ್ ಪುಡಿ, ಚಟ್ನಿಪುಡಿ ಮಾಡುವ ಸಣ್ಣ ಘಟಕ. ಗ್ರಾಹಕರೊಬ್ಬರು ನಮ್ಮ ಪ್ಯಾಕೆಟ್ ಒಡೆದು ಹುಳ ತೋರಿಸುವ ವಿಡಿಯೊ ಎಲ್ಲ ಕಡೆ ಹರಿದಾಡುತ್ತಿದೆ. ನಮ್ಮಲ್ಲಿ ಹುಳ ಬರಲು ಸಾಧ್ಯವೇ ಇಲ್ಲ. ಕೇಸ್ ಹಾಕಬೇಕೆ, ಸುಮ್ಮನಿರಬೇಕೆ?
— ಘಟಕದ ಮಾಲೀಕರು, ಹಾಸನ

ಉತ್ತರ: ಎರಡೂ ಬೇಡ. ಮೊದಲು ಆ ವಿಡಿಯೊವನ್ನು ನಿಲ್ಲಿಸಿ ನಿಲ್ಲಿಸಿ ನೋಡಿ, ಪ್ಯಾಕೆಟ್ ಮೇಲಿನ ಬ್ಯಾಚ್ ನಂಬರ್ ಓದಲು ಸಿಗುತ್ತದೆಯೇ ನೋಡಿ. ನಿಮ್ಮ ಮುಂದಿನ ಕೆಲಸವೆಲ್ಲ ಆ ನಂಬರಿನ ಮೇಲೆ ನಿಂತಿದೆ. ಆ ಬ್ಯಾಚಿನಲ್ಲಿ ಎಷ್ಟು ಕಿಲೋ ಪುಡಿ ಆಯಿತು, ಎಷ್ಟು ಪ್ಯಾಕೆಟ್ ಆಯಿತು, ಗೋದಾಮಿನಲ್ಲಿ ಎಷ್ಟಿದೆ, ಯಾವ ಯಾವ ಸ್ಟಾಕಿಸ್ಟ್ ಬಳಿ ಎಷ್ಟು ಹೋಗಿದೆ ಎಂಬ ನಾಲ್ಕು ಲೆಕ್ಕ ಒಂದು ಹಾಳೆಯಲ್ಲಿ ಬರಲಿ. ಗೋದಾಮಿನಲ್ಲಿರುವ ಮಾಲನ್ನು ಬೇರೆ ಇಟ್ಟು ‘ಮಾರಾಟಕ್ಕಿಲ್ಲ’ ಎಂದು ಬರೆದು ಅಂಟಿಸಿ. ಸ್ಟಾಕಿಸ್ಟ್‌ಗಳಿಗೆ ಫೋನ್ ಮಾಡಿ, ಆ ಬ್ಯಾಚನ್ನು ಸದ್ಯಕ್ಕೆ ಮಾರಬೇಡಿ ಎನ್ನಿ. ಇದು ಮಾಲು ವಾಪಸ್ ಪಡೆದಂತಲ್ಲ, ತಡೆದಿಟ್ಟಂತೆ ಅಷ್ಟೆ. ನಾಳೆ ನಿಮ್ಮ ತಪ್ಪಿಲ್ಲವೆಂದು ಗೊತ್ತಾದರೆ ನಷ್ಟ ಎರಡು ದಿನದ ವ್ಯಾಪಾರ ಮಾತ್ರ.

ಆಮೇಲೆ ಅದೇ ಬ್ಯಾಚಿನಿಂದ ಎತ್ತಿಟ್ಟ ಕಂಟ್ರೋಲ್ ಸ್ಯಾಂಪಲ್ ಒಡೆದು ನೋಡಿ. ಪ್ರತಿ ಬ್ಯಾಚಿನ ಎರಡು ಮೂರು ಪ್ಯಾಕೆಟ್ಟನ್ನು ಎಕ್ಸ್‌ಪೈರಿ ದಿನಾಂಕದವರೆಗೆ ಇಟ್ಟುಕೊಳ್ಳುವ ರೂಢಿ ಇಲ್ಲದಿದ್ದರೆ ಇವತ್ತೇ ಶುರು ಮಾಡಿ. ದೂರಿನ ಪುಸ್ತಕ ತೆಗೆಯಿರಿ. ಒಂದೇ ಬ್ಯಾಚಿನ ಬಗ್ಗೆ ಬೇರೆ ಬೇರೆ ಊರಿನಿಂದ ದೂರು ಬಂದಿದ್ದರೆ ಅನುಮಾನ ಫ್ಯಾಕ್ಟರಿಯ ಕಡೆ ತಿರುಗಬೇಕು. ಒಂದೇ ಅಂಗಡಿಯ ಸುತ್ತಮುತ್ತ ಬಂದಿದ್ದರೆ ಆ ಅಂಗಡಿಯ ಗೋದಾಮಿನ ಕಡೆ.

ನಿಮ್ಮ ‘ಸಾಧ್ಯವೇ ಇಲ್ಲ’ ಎಂಬ ಮಾತಿಗೆ ಬರೋಣ. ಹುರಿದು, ಬೀಸಿ, ಸಣ್ಣ ಕಣ್ಣಿನ ಜರಡಿ ಹಿಡಿದ ಪುಡಿಯಲ್ಲಿ ಇಡೀ ಹುಳ ಉಳಿಯುವುದಿಲ್ಲ, ನಿಜ. ಆದರೆ ಜರಡಿ ದಾಟಿದ ಮೇಲೆ ಪ್ಯಾಕಿಂಗ್ ಯಂತ್ರದ ಹಾಪರ್ (ಪುಡಿ ಸುರಿಯುವ ಬಾಯಿ) ಇದೆ, ಅದರ ಮೂಲೆಯಲ್ಲಿ ವಾರಗಟ್ಟಲೆ ನಿಂತ ಪುಡಿ ಇದೆ, ರಾತ್ರಿ ಹೊದಿಸದೆ ಬಿಟ್ಟ ಡ್ರಮ್ ಇದೆ. ಪತಂಗದ ಹುಳುಗಳು ತೆಳು ಪ್ಲಾಸ್ಟಿಕ್ ಕೊರೆದುಕೊಂಡು ಹೊರಗಿನಿಂದ ಒಳಗೆ ಹೋಗುವುದೂ ಉಂಟು. ಆಗ ಕವರಿನಲ್ಲಿ ಸೂಜಿಮೊನೆಯಷ್ಟು ತೂತು ಇರುತ್ತದೆ, ಪುಡಿಯಲ್ಲಿ ಬಲೆಯಂಥ ಎಳೆ ಇರುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ತೂತು ಯಾವ ಕಡೆಯಿಂದ ಕೊರೆದದ್ದು ಎಂಬುದು ಅದರ ಅಂಚಿನಿಂದ ಅನೇಕ ಸಲ ಗೊತ್ತಾಗುತ್ತದೆ. ಆಹಾರದ ಲ್ಯಾಬ್‌ಗಳಲ್ಲಿ ಕ್ಯಾಟಲೇಸ್ ಪರೀಕ್ಷೆ ಎಂಬುದೊಂದಿದೆ. ಹುಳದ ಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದಾಗ ಗುಳ್ಳೆ ಎದ್ದರೆ ಅದು ಹೆಚ್ಚಿನ ಬಿಸಿ ಕಂಡಿಲ್ಲ, ಅಂದರೆ ಹುರಿದ ನಂತರ ಸೇರಿದ್ದು. ಗುಳ್ಳೆ ಏಳದಿದ್ದರೆ ಹುರಿಯುವ ಮೊದಲೇ ಇದ್ದಿರಬಹುದು. ಆದರೆ ಸತ್ತು ಬಹಳ ದಿನವಾದ ಹುಳದಲ್ಲೂ ಗುಳ್ಳೆ ಎಬ್ಬಿಸುವ ಕ್ಯಾಟಲೇಸ್ ಎಂಬ ಈ ಕಿಣ್ವ ಕ್ಷೀಣಿಸುತ್ತದೆ, ಹಾಗಾಗಿ ಈ ಒಂದನ್ನೇ ನಂಬಿ ಪ್ರೆಸ್ ಮೀಟ್ ಕರೆಯಬೇಡಿ.

ಇದಕ್ಕೆಲ್ಲ ಆ ಪ್ಯಾಕೆಟ್ ಬೇಕು. ಅದನ್ನು ತರಲು ಸೇಲ್ಸ್‌ಮನ್ ಒಬ್ಬನನ್ನೇ ಅಟ್ಟಬೇಡಿ. ನೀವೇ ಹೋಗಿ, ಗುಣಮಟ್ಟ ನೋಡುವವರನ್ನೂ ಕರೆದುಕೊಂಡು ಹೋಗಿ. ಕೊಟ್ಟರೆ ಅವರ ಎದುರೇ ಕವರಿಗೆ ಹಾಕಿ ಸೀಲ್ ಮಾಡಿ, ಇಬ್ಬರ ಸಹಿ ಇರಲಿ, ಫೋಟೊ ತೆಗೆದು ಒಂದು ಪ್ರತಿ ಅವರಿಗೂ ಕಳಿಸಿ. ಸ್ವಲ್ಪ ಪುಡಿ ಅವರ ಬಳಿಯೇ ಉಳಿಯಲಿ. ಕೊಡದಿದ್ದರೆ ಒತ್ತಾಯ ಬೇಡ. ಸೀಲಿನ ಅಂಚು, ಬ್ಯಾಚ್ ನಂಬರ್, ಕೊಂಡ ಅಂಗಡಿ, ಕೊಂಡ ದಿನ ಇಷ್ಟು ಕೇಳಿಕೊಳ್ಳಿ. ಹಣ ವಾಪಸ್ ಕೊಡಿ, ಆದರೆ ‘ವಿಡಿಯೊ ತೆಗೆದರೆ ಮಾತ್ರ’ ಎಂಬ ಷರತ್ತು ಹಾಕಬೇಡಿ. ಆ ಷರತ್ತಿನ ಫೋನ್ ರೆಕಾರ್ಡಿಂಗೇ ಎರಡನೇ ವಿಡಿಯೊ ಆಗಿ ಬರುತ್ತದೆ, ಮೊದಲಿಗಿಂತ ಹೆಚ್ಚು ಜನ ನೋಡುತ್ತಾರೆ. ಲೀಗಲ್ ನೋಟಿಸಿನ ಗತಿಯೂ ಇದೇ.

ವಿಡಿಯೊ ನೋಡಿದ ಮೂರು ನಾಲ್ಕು ಗಂಟೆಯೊಳಗೆ ಅದೇ ವಿಡಿಯೊ ಕೆಳಗೆ, ಕನ್ನಡದ ವಿಡಿಯೊ ಆದರೆ ಕನ್ನಡದಲ್ಲೇ, ಹೀಗೆ ಬರೆಯಬಹುದು: “ಈ ವಿಡಿಯೊ ನೋಡಿದೆವು. ಇಂಥದ್ದು ಯಾರ ಮನೆಗೂ ಬರಬಾರದು. ಈ ಬ್ಯಾಚಿನ ಮಾರಾಟ ಇವತ್ತು ಬೆಳಿಗ್ಗೆಯಿಂದ ನಿಲ್ಲಿಸಿದ್ದೇವೆ. ನಿಮ್ಮ ಮನೆಯಲ್ಲಿ ಇದೇ ನಂಬರಿನ ಪ್ಯಾಕೆಟ್ ಇದ್ದರೆ ಬಳಸಬೇಡಿ, ಕೊಂಡ ಅಂಗಡಿಯಲ್ಲೇ ಹಣ ವಾಪಸ್ ಸಿಗುತ್ತದೆ. ಪರೀಕ್ಷೆಯ ಫಲಿತಾಂಶವನ್ನು ಇಂಥ ದಿನ ಇಲ್ಲೇ ಹಾಕುತ್ತೇವೆ.” ಕೊಟ್ಟ ಮಾತು ಉಳಿಸಿಕೊಳ್ಳುವಂಥದ್ದಾಗಿರಲಿ. ಲ್ಯಾಬ್ ವರದಿಗೆ ಐದು ದಿನ ಬೇಕಿದ್ದರೆ ಏಳು ದಿನ ಎನ್ನಿ. ಆಹಾರ ಅಸುರಕ್ಷಿತ ಎಂದು ಖಚಿತವಾದರೆ ವಿಷಯ ನಿಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ. 2017ರ ಆಹಾರ ವಾಪಸಾತಿ ನಿಯಮಗಳ ಪ್ರಕಾರ ತಯಾರಕರು 24 ಗಂಟೆಯೊಳಗೆ ಆಹಾರ ಸುರಕ್ಷತಾ ಅಧಿಕಾರಿಗಳಿಗೆ ತಿಳಿಸಿ ಮಾಲು ವಾಪಸ್ ಪಡೆಯಬೇಕು.

2003ರ ಅಕ್ಟೋಬರ್‌ನಲ್ಲಿ, ಹಬ್ಬದ ವ್ಯಾಪಾರದ ಹೊತ್ತಿನಲ್ಲೇ, ಮುಂಬೈಯಲ್ಲಿ ಕ್ಯಾಡ್‌ಬರಿ ಡೈರಿ ಮಿಲ್ಕ್‌ನಲ್ಲಿ ಹುಳ ಕಂಡಾಗ ಕಂಪನಿ ಮೊದಲು ಹೇಳಿದ್ದು, ಅಂಗಡಿಗಳಲ್ಲಿ ಸರಿಯಾಗಿ ಇಟ್ಟಿಲ್ಲ ಎಂದು. ಅದರಲ್ಲಿ ಸತ್ಯಾಂಶ ಇದ್ದಿರಬಹುದು, ಆದರೆ ತಿನ್ನುವವರಿಗೆ ಅದರಿಂದ ಯಾವ ಧೈರ್ಯವೂ ಬರಲಿಲ್ಲ. ಆಮೇಲೆ ‘ವಿಶ್ವಾಸ್’ ಎಂಬ ಹೆಸರಿನಲ್ಲಿ ಅಂಗಡಿಯವರಿಗೆ ದಾಸ್ತಾನಿನ ತರಬೇತಿ ಕೊಟ್ಟರು, 2004ರ ಜನವರಿಯಲ್ಲಿ ಚೆನ್ನಾಗಿ ಸೀಲ್ ಆಗುವ ಹೊಸ ಹೊದಿಕೆ ತಂದರು, ಅಮಿತಾಭ್ ಬಚ್ಚನ್ ಜಾಹೀರಾತಿಗೆ ಬಂದರು. ಎಲ್ಲರ ನೆನಪಿನಲ್ಲಿ ಉಳಿದದ್ದು ಬಚ್ಚನ್. ಕೆಲಸ ಮಾಡಿದ್ದು ಹೊದಿಕೆ ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ನಮ್ಮ ಬಸ್ಸಿನ ಸಿಬ್ಬಂದಿ ನಡುರಾತ್ರಿ ಪ್ರಯಾಣಿಕರೊಬ್ಬರನ್ನು ಜಗಳವಾಡಿ ಇಳಿಸಿದ್ದು ಸುದ್ದಿಯಾಗಿದೆ. ಕ್ಷಮೆ ಕೇಳಿದರೆ ತಪ್ಪು ಒಪ್ಪಿಕೊಂಡಂತೆ ಆಗುತ್ತದೆ, ಬಾಯಿ ಬಿಡಬೇಡಿ ಎನ್ನುತ್ತಾರೆ ನಮ್ಮ ವಕೀಲರು.
— ಖಾಸಗಿ ಬಸ್ ಸಂಸ್ಥೆಯ ಮ್ಯಾನೇಜರ್, ಮಂಗಳೂರು

ಉತ್ತರ: ವಕೀಲರ ಭಯ ಸುಳ್ಳಲ್ಲ, ಆದರೆ ಅವರು ನೋಡುತ್ತಿರುವುದು ಎರಡು ವರ್ಷದ ನಂತರದ ಕೋರ್ಟನ್ನು. ನಿಮ್ಮ ಬುಕಿಂಗ್ ನಿಲ್ಲುವುದು ಈ ವಾರ. ದಾರಿ ಇದೆ. ನಡೆದದ್ದಕ್ಕೆ ವಿಷಾದ ಬೇರೆ, ಕಾನೂನಿನ ಹೊಣೆ ಬೇರೆ. “ಪ್ರಯಾಣಿಕರನ್ನು ಆ ಹೊತ್ತಿನಲ್ಲಿ ಆ ಜಾಗದಲ್ಲಿ ಇಳಿಸಬಾರದಿತ್ತು, ಅದಕ್ಕೆ ಅವರ ಕ್ಷಮೆ ಕೇಳಿದ್ದೇವೆ” ಎಂದರೆ ಯಾವ ಮನುಷ್ಯನೂ ಒಪ್ಪುವ ಮಾತು. ಕೈ ಮಾಡಿದವರು ಯಾರು, ಗಾಯ ಯಾರಿಂದ ಆಯಿತು ಎಂಬುದು ತನಿಖೆಗೆ ಬಿಟ್ಟದ್ದು, ಅದರ ಬಗ್ಗೆ ಊಹೆ ಹೇಳಬೇಡಿ. ‘ನೋವಾಗಿದ್ದರೆ ಕ್ಷಮಿಸಿ’ ಎಂದು ಮಾತ್ರ ಬರೆಯಬೇಡಿ, ನೋವಾಗಿರುವುದು ಎಲ್ಲರಿಗೂ ಕಾಣುತ್ತಿದೆ. ವಕೀಲರು ಹೇಳಿಕೆಯನ್ನು ಓದಲಿ, ಅದಕ್ಕೆ ಅರ್ಧ ಗಂಟೆ ಕೊಡಿ. ಬರೆಯುವುದು ನೀವೇ.

ಯುನೈಟೆಡ್ ಏರ್‌ಲೈನ್ಸ್‌ನ ಮೂರು ಹೇಳಿಕೆಗಳನ್ನು ಈ ಕೆಲಸದಲ್ಲಿರುವ ಪ್ರತಿಯೊಬ್ಬರೂ ಪಕ್ಕಪಕ್ಕದಲ್ಲಿಟ್ಟು ಓದಬೇಕು. 2017ರ ಏಪ್ರಿಲ್ 9ರಂದು ಶಿಕಾಗೊದಲ್ಲಿ, ಸಿಬ್ಬಂದಿಗೆ ಸೀಟು ಬೇಕೆಂದು, ಟಿಕೆಟ್ ಕೊಂಡು ಕುಳಿತಿದ್ದ ಪ್ರಯಾಣಿಕರೊಬ್ಬರನ್ನು ಭದ್ರತಾ ಅಧಿಕಾರಿಗಳು ವಿಮಾನದಿಂದ ಹೊರಕ್ಕೆ ಎಳೆದೊಯ್ದರು. ಮುಖದಲ್ಲಿ ರಕ್ತವಿದ್ದ ವಿಡಿಯೊ ಜಗತ್ತೆಲ್ಲ ಸುತ್ತಿತು. ಮರುದಿನ ಸಿಇಒ ಆಸ್ಕರ್ ಮುನೊಜ್ ಅವರ ಮೊದಲ ಹೇಳಿಕೆ ಕ್ಷಮೆ ಕೇಳಿದ್ದು ಪ್ರಯಾಣಿಕರಿಗೆ ‘ಬೇರೆ ವ್ಯವಸ್ಥೆ ಮಾಡಬೇಕಾಗಿ ಬಂದದ್ದಕ್ಕೆ’. ಅದೇ ದಿನ ಸಿಬ್ಬಂದಿಗೆ ಬರೆದ ಪತ್ರದಲ್ಲಿ ಆ ಪ್ರಯಾಣಿಕರನ್ನೇ ಜಗಳಗಂಟರೆಂಬಂತೆ ಬಣ್ಣಿಸಿದರು. ಪತ್ರ ಹೊರಬಿತ್ತು. 11ರಂದು ಬಂದ ಮೂರನೇ ಹೇಳಿಕೆಯಲ್ಲಿ ನೇರ ಕ್ಷಮೆ ಇತ್ತು. ಆ ಮೂರನೆಯದನ್ನೇ ಮೊದಲು ಕೊಟ್ಟಿದ್ದರೆ ಎಷ್ಟೋ ಉಳಿಯುತ್ತಿತ್ತು. ತಿಂಗಳ ಕೊನೆಗೆ ಪ್ರಯಾಣಿಕರೊಂದಿಗೆ ರಾಜಿಯಾಯಿತು, ತಾವಾಗಿ ಸೀಟು ಬಿಟ್ಟುಕೊಡುವವರಿಗೆ 10,000 ಡಾಲರ್‌ವರೆಗೆ ಪರಿಹಾರ ಎಂಬ ಹೊಸ ನಿಯಮ ಬಂತು. ಸಿಬ್ಬಂದಿಗೆ ಬರೆಯುವ ಪತ್ರವೂ ಪತ್ರಿಕಾ ಹೇಳಿಕೆಯೇ ಎಂದುಕೊಂಡು ಬರೆಯಿರಿ. ವಾಟ್ಸ್‌ಆ್ಯಪ್ ಗ್ರೂಪಿನ ಡ್ರೈವರ್‌ಗಳ ಸಂದೇಶಕ್ಕೂ ಇದೇ ಮಾತು.

ತಡವೂ ತಪ್ಪೇ. 2022ರ ನವೆಂಬರ್ 26ರ ಏರ್ ಇಂಡಿಯಾ ನ್ಯೂಯಾರ್ಕ್–ದೆಹಲಿ ವಿಮಾನದಲ್ಲಿ ಪ್ರಯಾಣಿಕನೊಬ್ಬ ಸಹಪ್ರಯಾಣಿಕ ಮಹಿಳೆಯ ಮೇಲೆ ಮೂತ್ರ ಮಾಡಿದ ಪ್ರಕರಣ ಹೊರಬಂದದ್ದು ಜನವರಿಯಲ್ಲಿ. ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ 30 ಲಕ್ಷ ರೂಪಾಯಿ ದಂಡ ಹಾಕಿತು. ಸಂಸ್ಥೆ ಇನ್ನೂ ಬೇಗ ಎಚ್ಚೆತ್ತುಕೊಳ್ಳಬೇಕಿತ್ತು ಎಂದು ಟಾಟಾ ಸನ್ಸ್ ಅಧ್ಯಕ್ಷ ಎನ್. ಚಂದ್ರಶೇಖರನ್ ಅವರೇ ಹೇಳಿದರು.

ನಿಮ್ಮ ವಿಷಯದಲ್ಲಿ ಈ ರಾತ್ರಿಯೊಳಗೆ ಆಗಬೇಕಾದದ್ದು: ಬಸ್ಸಿನ ಸಿಸಿಟಿವಿ ದೃಶ್ಯವನ್ನು ಬೇರೆ ಡ್ರೈವಿಗೆ ತೆಗೆದಿಡಿ, ಅದು ಕೆಲವೇ ದಿನಗಳಲ್ಲಿ ಅಳಿಸಿಹೋಗಿ ಹೊಸದು ತುಂಬಿಕೊಳ್ಳುತ್ತದೆ. ಮಾಲೀಕರು ಪ್ರಯಾಣಿಕರಿಗೆ ತಾವೇ ಫೋನ್ ಮಾಡಲಿ, ಅದು ಪತ್ರಿಕೆಗೆ ಹೇಳಿಕೆ ಹೋಗುವ ಮೊದಲೇ ಆಗಲಿ. ಆಸ್ಪತ್ರೆಯ ಖರ್ಚು ಇದ್ದರೆ, ಹೊಣೆ ಯಾರದೆಂಬ ಚರ್ಚೆಗೆ ಕಾಯದೆ ಕಟ್ಟಿ. ಸಿಬ್ಬಂದಿಯನ್ನು ವಿಚಾರಣೆ ಮುಗಿಯುವವರೆಗೆ ಕೆಲಸದಿಂದ ದೂರ ಇಡಿ, ಆದರೆ ಕ್ಯಾಮೆರಾ ಮುಂದೆ ಅವರನ್ನು ಬಲಿಗೊಡಬೇಡಿ. ರಾತ್ರಿ ಎರಡು ಗಂಟೆಗೆ ಜಗಳವಾದರೆ ಯಾರಿಗೆ ಫೋನ್ ಮಾಡಬೇಕೆಂದು ನೀವು ಅವರಿಗೆ ಹೇಳಿಕೊಟ್ಟಿದ್ದಿರೇ ಎಂಬ ಪ್ರಶ್ನೆ ಖಂಡಿತ ಬರುತ್ತದೆ.

ಪ್ರಶ್ನೆ: ಮ್ಯಾಗಿ ಪ್ರಕರಣದಲ್ಲಿ ನೆಸ್ಲೆ ಕೋರ್ಟಿನಲ್ಲಿ ಗೆದ್ದಿತು. ಆದರೂ ನಮ್ಮ ಪಾಠದಲ್ಲಿ ಅದನ್ನು ಸೋಲಿನ ಉದಾಹರಣೆ ಎಂದು ಕಲಿಸುತ್ತಾರೆ. ಏಕೆ?
— ಎಂಬಿಎ ವಿದ್ಯಾರ್ಥಿನಿ, ಮೈಸೂರು

ಉತ್ತರ: ನಿಮ್ಮ ಪಕ್ಕದ ನಂಜನಗೂಡಿನಲ್ಲೇ ಮ್ಯಾಗಿ ತಯಾರಾಗುತ್ತದೆ, ಹಾಗಾಗಿ ಸ್ವಲ್ಪ ವಿವರವಾಗಿಯೇ ನೋಡೋಣ.

2014ರಲ್ಲಿ ಉತ್ತರ ಪ್ರದೇಶದ ಬಾರಾಬಂಕಿಯಲ್ಲಿ ಆಹಾರ ಇಲಾಖೆ ಸ್ಯಾಂಪಲ್ ತೆಗೆಯಿತು. ಪ್ಯಾಕೆಟ್ ಮೇಲೆ ‘ಎಂಎಸ್‌ಜಿ ಸೇರಿಸಿಲ್ಲ’ ಎಂದಿತ್ತು, ಪರೀಕ್ಷೆಯಲ್ಲಿ ಗ್ಲುಟಮೇಟ್ (ಎಂಎಸ್‌ಜಿ, ಅಂದರೆ ರುಚಿ ಹೆಚ್ಚಿಸಲು ಹಾಕುವ ಪುಡಿಯ ಮುಖ್ಯ ಅಂಶ) ಕಂಡಿತು. ಕೋಲ್ಕತ್ತದ ಲ್ಯಾಬ್‌ಗೆ ಹೋದಾಗ ಸೀಸ 17.2 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಅಷ್ಟು ಭಾಗ) ಎಂದು ಬಂತು, ಮಿತಿ 2.5. ಇದು ಸುದ್ದಿಯಾದದ್ದು 2015ರ ಮೇನಲ್ಲಿ. ಅಲ್ಲಿಂದ ಜೂನ್ ಮೊದಲ ವಾರದವರೆಗೆ ಕಂಪನಿ ಹೇಳುತ್ತಾ ಹೋದದ್ದು ಒಂದೇ ಮಾತು: ನಮ್ಮ ಉತ್ಪನ್ನ ಸುರಕ್ಷಿತ, ನಮ್ಮ ಪರೀಕ್ಷೆಯಲ್ಲಿ ಸರಿಯಾಗಿದೆ. ದೆಹಲಿ ಮತ್ತು ಬೇರೆ ರಾಜ್ಯಗಳು ಒಂದೊಂದಾಗಿ ನಿಷೇಧಿಸಿದವು. ಜೂನ್ 5ರಂದು ಸ್ವಿಟ್ಜರ್ಲೆಂಡಿನಿಂದ ಜಾಗತಿಕ ಸಿಇಒ ಪಾಲ್ ಬುಲ್ಕೆ ದೆಹಲಿಗೆ ಬಂದು ಮಾಲು ವಾಪಸ್ ಪಡೆಯುತ್ತೇವೆ ಎಂದರು. ಅದೇ ದಿನ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನಿಷೇಧದ ಆದೇಶ ಹೊರಬಂತು.

ಕಂಪನಿಯ ವೈಜ್ಞಾನಿಕ ವಾದದಲ್ಲಿ ಹುರುಳಿತ್ತು. ಕಡಲೆಕಾಯಿ ಪ್ರೋಟೀನ್, ಈರುಳ್ಳಿ ಪುಡಿ, ಗೋಧಿಹಿಟ್ಟಿನಲ್ಲಿ ಗ್ಲುಟಮೇಟ್ ಸಹಜವಾಗಿಯೇ ಇರುತ್ತದೆ. ಆದರೆ ಅಮ್ಮಂದಿರು ಕೇಳಿದ್ದು ಗ್ಲುಟಮೇಟ್ ಎಲ್ಲಿಂದ ಬಂತೆಂದಲ್ಲ. ನಿನ್ನೆ ಮಗುವಿಗೆ ಕೊಟ್ಟದ್ದರಲ್ಲಿ ಸೀಸ ಇತ್ತೇ ಎಂದು ಕೇಳಿದರು. ಅದಕ್ಕೆ ಮುಖ ತೋರಿಸಿ ಉತ್ತರ ಕೊಟ್ಟ ಮನುಷ್ಯ ಎರಡು ಮೂರು ವಾರ ಯಾರೂ ಇರಲಿಲ್ಲ. ಕಂಪನಿಯು ಅಧಿಕಾರಿಗಳ ಜೊತೆ ಮಾತಾಡುತ್ತಿತ್ತು, ಜನರ ಜೊತೆ ಆಡಲಿಲ್ಲ. ಇನ್ನೊಂದು ವಿಷಯ, ‘ಎಂಎಸ್‌ಜಿ ಸೇರಿಸಿಲ್ಲ’ ಎಂಬ ಸಾಲು ಕಾನೂನಿನ ಕಣ್ಣಿನಲ್ಲಿ ಸಮರ್ಥಿಸಬಹುದಾದರೂ ಓದುವವರಿಗೆ ‘ಇದರಲ್ಲಿ ಇಲ್ಲ’ ಎಂದೇ ಅರ್ಥ ಕೊಡುತ್ತದೆ. ಬಿಕ್ಕಟ್ಟಿನ ಬೀಜ ಅನೇಕ ಸಲ ಮಾರ್ಕೆಟಿಂಗ್ ವಿಭಾಗ ವರ್ಷಗಳ ಹಿಂದೆ ಬರೆದ ಒಂದು ಸಾಲಿನಲ್ಲಿರುತ್ತದೆ.

ಆಮೇಲೆ ಮಾಡಿದ್ದನ್ನು ಮಾತ್ರ ಮೆಚ್ಚಬೇಕು. ಮೂವತ್ತು ಸಾವಿರ ಟನ್ನಿಗೂ ಹೆಚ್ಚು ನೂಡಲ್ಸನ್ನು ದೇಶದ ಮೂಲೆಮೂಲೆಯಿಂದ ವಾಪಸ್ ತಂದು ನಾಶ ಮಾಡಿದರು, ಬಹುಪಾಲು ಸಿಮೆಂಟ್ ಗೂಡುಗಳಲ್ಲಿ ಸುಟ್ಟರು. ಆಗಸ್ಟ್‌ನಲ್ಲಿ ಸುರೇಶ್ ನಾರಾಯಣನ್ ನೆಸ್ಲೆ ಇಂಡಿಯಾದ ಚುಕ್ಕಾಣಿ ಹಿಡಿದರು. ಆಗಸ್ಟ್ 13ರಂದು ಬಾಂಬೆ ಹೈಕೋರ್ಟ್ ನಿಷೇಧ ರದ್ದುಮಾಡಿತು. ಕಂಪನಿಯ ಅಹವಾಲು ಕೇಳದೆ ನಿಷೇಧಿಸಿದ್ದು ತಪ್ಪು, ಪರೀಕ್ಷಿಸಿದ ಲ್ಯಾಬ್‌ಗಳಿಗೆ ಸೂಕ್ತ ಮಾನ್ಯತೆ ಇರಲಿಲ್ಲ ಎಂದಿತು. ಆದರೆ ಮಾರಾಟಕ್ಕೆ ಬಿಡುವ ಮೊದಲು ಹೈದರಾಬಾದ್, ಮೊಹಾಲಿ, ಜೈಪುರದ ಮಾನ್ಯತೆ ಪಡೆದ ಮೂರು ಲ್ಯಾಬ್‌ಗಳಲ್ಲಿ 90 ಸ್ಯಾಂಪಲ್ ಪರೀಕ್ಷೆ ಆಗಬೇಕೆಂದಿತು. ಎಲ್ಲವೂ ಪಾಸಾದವು. ನಂಜನಗೂಡು, ಪಂಜಾಬಿನ ಮೋಗಾ, ಗೋವಾದ ಬಿಚೋಲಿಮ್‌ನಲ್ಲಿ ಹೊಸದಾಗಿ ತಯಾರಿಸಿ ಮತ್ತೆ ಪರೀಕ್ಷೆಗೆ ಕೊಟ್ಟರು. ನವೆಂಬರ್ 9ರಂದು ಮ್ಯಾಗಿ ಅಂಗಡಿಗೆ ಬಂತು. ಐದು ತಿಂಗಳು ಶೆಲ್ಫ್ ಖಾಲಿ ಇತ್ತು, ಬೇರೆಯವರ ನೂಡಲ್ಸ್ ಆ ಜಾಗಕ್ಕೆ ಬಂದಿತ್ತು.

ಹೋಲಿಕೆಗೆ ಅಮೆರಿಕದ ನೋವಿನ ಮಾತ್ರೆ ಟೈಲೆನಾಲ್ ನೋಡಿ. 1982ರ ಸೆಪ್ಟೆಂಬರ್ ಕೊನೆಯಲ್ಲಿ ಶಿಕಾಗೊ ಸುತ್ತ ಯಾರೋ ಕ್ಯಾಪ್ಸೂಲ್‌ಗಳಲ್ಲಿ ಸೈನೈಡ್ ತುಂಬಿ ಏಳು ಜನ ಸತ್ತರು. ತಪ್ಪು ಜಾನ್ಸನ್ ಅಂಡ್ ಜಾನ್ಸನ್ ಕಂಪನಿಯದಲ್ಲ ಎಂಬುದು ಬೇಗನೆ ಗೊತ್ತಾಗಿತ್ತು. ಆದರೂ ಕಂಪನಿಯ ಮುಖ್ಯಸ್ಥ ಜೇಮ್ಸ್ ಬರ್ಕ್ ದೇಶದಾದ್ಯಂತ ಸುಮಾರು 3.1 ಕೋಟಿ ಬಾಟಲಿ ವಾಪಸ್ ಕರೆದರು, 10 ಕೋಟಿ ಡಾಲರ್ ಬೆಲೆಯದ್ದು. ಕೆಲವೇ ವಾರಗಳಲ್ಲಿ, ಒಡೆದರೆ ತಿಳಿಯುವಂಥ ಮೂರು ಹಂತದ ಸೀಲಿನೊಂದಿಗೆ ಮಾರುಕಟ್ಟೆಗೆ ಬಂದರು. ಇವತ್ತು ಔಷಧಿ ಬಾಟಲಿ ಬಾಯಿಗೆ ಅಂಟಿದ ಹಾಳೆ ಕೀಳುವಾಗ ನಾವು ಕೀಳುತ್ತಿರುವುದು ಅಲ್ಲಿಂದ ಹರಡಿದ ಪದ್ಧತಿಯನ್ನೇ.

ಪ್ರಶ್ನೆ: ನಮ್ಮ ಬ್ರ್ಯಾಂಡಿನ ಅಕ್ಕಿ ‘ಪ್ಲಾಸ್ಟಿಕ್ ಅಕ್ಕಿ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಪೂರ್ತಿ ಸುಳ್ಳು. ಉತ್ತರಿಸಿದರೆ ಇನ್ನಷ್ಟು ಹರಡುತ್ತದೆಯೇ?
— ರೈಸ್ ಮಿಲ್ ಪಾಲುದಾರರು, ಗಂಗಾವತಿ

ಉತ್ತರ: ಎಲ್ಲಿಯವರೆಗೆ ಹರಡಿದೆ ಎಂಬುದರ ಮೇಲೆ ಹೋಗುತ್ತದೆ. ಒಂದೆರಡು ಗ್ರೂಪಿನಲ್ಲಿದ್ದರೆ ಆ ಗ್ರೂಪಿನವರಿಗೇ ಉತ್ತರಿಸಿ, ಊರಿಗೆಲ್ಲ ಸಾರಬೇಡಿ. ಅಂಗಡಿಯವರೇ ಫೋನ್ ಮಾಡಿ ಕೇಳಲು ಶುರು ಮಾಡಿದ್ದರೆ ಸುಮ್ಮನಿರುವ ಕಾಲ ಮುಗಿದಿದೆ.

ನಿರಾಕರಿಸುವುದಕ್ಕಿಂತ ತೋರಿಸುವುದು ಮೇಲು. 1993ರ ಜೂನ್‌ನಲ್ಲಿ ಅಮೆರಿಕದಲ್ಲಿ ಪೆಪ್ಸಿ ಕ್ಯಾನಿನೊಳಗೆ ಸಿರಿಂಜ್ ಸಿಕ್ಕಿತೆಂದು ಒಂದಾದ ಮೇಲೊಂದು ಊರಿನಿಂದ ದೂರು ಬಂದಾಗ ಕಂಪನಿ ಮಾಲು ವಾಪಸ್ ಪಡೆಯಲಿಲ್ಲ. ಕ್ಯಾನ್‌ಗಳು ತಲೆಕೆಳಗಾಗಿ ತೊಳೆದುಕೊಂಡು, ಕ್ಷಣಾರ್ಧದಲ್ಲಿ ತುಂಬಿ ಮುಚ್ಚಿಕೊಳ್ಳುವ ದೃಶ್ಯವನ್ನು ಚಿತ್ರೀಕರಿಸಿ ಟಿ.ವಿ. ವಾಹಿನಿಗಳಿಗೆ ಕೊಟ್ಟಿತು. ಕೊಲರಾಡೊದ ಅಂಗಡಿಯೊಂದರಲ್ಲಿ ಗ್ರಾಹಕಿಯೊಬ್ಬಳು ತಾನೇ ಸಿರಿಂಜ್ ಹಾಕುತ್ತಿರುವುದು ಕ್ಯಾಮೆರಾದಲ್ಲಿ ಸಿಕ್ಕಿತು. ಔಷಧ ನಿಯಂತ್ರಣ ಸಂಸ್ಥೆಯ ಮುಖ್ಯಸ್ಥರೂ ಕಂಪನಿಯ ಮಾತನ್ನು ಬೆಂಬಲಿಸಿದರು. ವಾರ ಎರಡು ವಾರದಲ್ಲಿ ಎಲ್ಲ ತಣ್ಣಗಾಯಿತು. ವಾಪಸ್ ಪಡೆಯದಿರುವುದು ಇಲ್ಲಿ ಸರಿಯಾಯಿತು, ಏಕೆಂದರೆ ಅಪಾಯ ಫ್ಯಾಕ್ಟರಿಯಿಂದ ಬಂದದ್ದಲ್ಲವೆಂದು ತೋರಿಸುವ ಆಧಾರ ಅವರ ಕೈಯಲ್ಲಿತ್ತು. ಟೈಲೆನಾಲ್‌ನಲ್ಲಿ ಅಂಗಡಿಯ ಶೆಲ್ಫಿನಲ್ಲೇ ವಿಷ ಇತ್ತು.

ನಿಮ್ಮ ಊರಿನ ವಿಷಯಕ್ಕೆ ಬಂದರೆ, ‘ಪ್ಲಾಸ್ಟಿಕ್’ ಎಂಬ ಅನುಮಾನ ಬಹಳ ಸಲ ಹುಟ್ಟುವುದು ಪಡಿತರದ ಸಾರವರ್ಧಿತ ಅಕ್ಕಿಯಿಂದ. ಅಕ್ಕಿಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಸಿಡ್, ಬಿ12 ಸೇರಿಸಿ ಕಾಳಿನ ಆಕಾರಕ್ಕೆ ಒತ್ತಿ, ನೂರು ಕಾಳಿಗೆ ಒಂದರಂತೆ, ಅಂದರೆ ಕಿಲೋಗೆ 10 ಗ್ರಾಂನಷ್ಟು ಬೆರೆಸುತ್ತಾರೆ. ಆ ಕಾಳು ನೋಡಲು ಸ್ವಲ್ಪ ಬೇರೆ, ತೊಳೆಯುವಾಗ ಕೆಲವು ತೇಲುತ್ತವೆ. ನಿಮ್ಮ ಬ್ರ್ಯಾಂಡಿನಲ್ಲಿ ಅದಿಲ್ಲದಿದ್ದರೆ ಇಲ್ಲವೆನ್ನಿ, ಪಡಿತರದ ಅಕ್ಕಿಯನ್ನು ಮಾತ್ರ ಹಳಿಯಬೇಡಿ. ಅನ್ನದ ಉಂಡೆ ಪುಟಿದರೆ ಪ್ಲಾಸ್ಟಿಕ್ ಎನ್ನುವವರಿಗೆ ಬೇರೆ ಬೇರೆ ತಳಿಯ ಅನ್ನದ ಉಂಡೆ ಮಾಡಿ ತೋರಿಸಿ, ಪಿಷ್ಟ ಗಟ್ಟಿಯಾಗಿ ಅಂಟಿಕೊಂಡರೆ ಯಾವುದಾದರೂ ಪುಟಿಯುತ್ತದೆ. ಭತ್ತ ಇಳಿಯುವಲ್ಲಿಂದ ಚೀಲ ಹೊಲಿಯುವವರೆಗೆ ಒಂದು ನಿಮಿಷದ ವಿಡಿಯೊ ಮಾಡಿ, ಲ್ಯಾಬ್ ವರದಿಯ ಫೋಟೊ ಜೊತೆಗಿರಲಿ. ತಲೆಬರಹದಲ್ಲಿ ‘ಪ್ಲಾಸ್ಟಿಕ್’ ಪದ ಬೇಡ, ‘ನಮ್ಮ ಮಿಲ್ಲಿನಲ್ಲಿ ಅಕ್ಕಿ ಹೀಗೆ ಆಗುತ್ತದೆ’ ಎಂದಿದ್ದರೆ ಸಾಕು. ಆಹಾರ ಸುರಕ್ಷತಾ ಅಧಿಕಾರಿಯನ್ನು ನೀವೇ ಕರೆದು ಸ್ಯಾಂಪಲ್ ತೆಗೆಯಲು ಹೇಳಿದರೆ ಇನ್ನೂ ಒಳ್ಳೆಯದು. ಅವರು ಅದನ್ನು ನಾಲ್ಕು ಭಾಗ ಮಾಡುತ್ತಾರೆ, ಒಂದು ಭಾಗವನ್ನು ಮಾನ್ಯತೆ ಪಡೆದ ಲ್ಯಾಬ್‌ಗೆ ಕಳಿಸಿ ಎಂದು ಕೇಳುವ ಹಕ್ಕು ನಿಮಗಿದೆ. ಅದನ್ನು ಕೇಳದೆ ಬಿಡುವವರೇ ಹೆಚ್ಚು.

ಪ್ರಶ್ನೆ: ನಮ್ಮ ಆ್ಯಪ್‌ನ ಗ್ರಾಹಕರ ಮಾಹಿತಿ ಸೋರಿಕೆಯಾಗಿದೆ ಎಂಬ ಅನುಮಾನ. ಪೂರ್ತಿ ಗೊತ್ತಾಗುವವರೆಗೆ ಕಾಯಬೇಕೆ?
— ನವೋದ್ಯಮದ ಸಹಸ್ಥಾಪಕಿ, ಬೆಂಗಳೂರು

ಉತ್ತರ: ಸರ್ಕಾರಕ್ಕೆ ತಿಳಿಸಲು ಕಾಯುವಂತಿಲ್ಲ. 2022ರ ಏಪ್ರಿಲ್ 28ರ, ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್‌-ಇನ್ ನಿರ್ದೇಶನದ ಪ್ರಕಾರ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಸರ್ವರ್‌ನಲ್ಲಿ ಏನೇನು ನಡೆಯಿತೆಂಬ 180 ದಿನದ ಲಾಗ್‌ಗಳು ನಿಮ್ಮಲ್ಲಿರಬೇಕು. ಗಾಬರಿಯಲ್ಲಿ ಸರ್ವರ್ ಅಳಿಸಿ ಹೊಸದಾಗಿ ಕಟ್ಟುವವರಿದ್ದಾರೆ. ಕಳ್ಳ ಬಂದ ದಾರಿಯ ಗುರುತೆಲ್ಲ ಅದರೊಂದಿಗೆ ಹೋಗುತ್ತದೆ. ಮೊದಲು ಪ್ರತಿ ತೆಗೆದಿಡಿ.

ಗ್ರಾಹಕರಿಗೆ ಹೇಳುವಾಗ ಸಂಖ್ಯೆಯ ವಿಷಯದಲ್ಲಿ ಹುಷಾರು. 2010ರಲ್ಲಿ ಮೆಕ್ಸಿಕೊ ಕೊಲ್ಲಿಯ ಬಿಪಿ ತೈಲ ಸೋರಿಕೆಯಲ್ಲಿ ಮೊದಲು ದಿನಕ್ಕೆ 1,000 ಬ್ಯಾರೆಲ್ ಎಂದರು, ಆಮೇಲೆ 5,000. ಕೊನೆಗೆ ಸರ್ಕಾರಿ ವಿಜ್ಞಾನಿಗಳ ಲೆಕ್ಕ 50,000 ದಾಟಿತು. ಪ್ರತಿ ಸಲ ಅಂಕಿ ಏರಿದಾಗ ಹಿಂದಿನದ್ದೆಲ್ಲ ಸುಳ್ಳೆಂದು ಕಂಡಿತು. 11 ಕಾರ್ಮಿಕರು ಸತ್ತ ಆ ದುರಂತದ ನಡುವೆ, ನನಗೂ ನನ್ನ ಬದುಕು ವಾಪಸ್ ಬೇಕಾಗಿದೆ ಎಂಬರ್ಥದ ಮಾತಾಡಿದ ಸಿಇಒ ಟೋನಿ ಹೇವರ್ಡ್ ಅದೇ ವರ್ಷ ಹುದ್ದೆ ಬಿಟ್ಟರು. ನಿಮ್ಮಲ್ಲಿ ಅಂಕಿ ಖಚಿತವಿಲ್ಲದಿದ್ದರೆ “ಜನವರಿಯಿಂದ ಮಾರ್ಚ್ ನಡುವೆ ಖಾತೆ ತೆರೆದ ಎಲ್ಲರೂ ತಮ್ಮ ಮಾಹಿತಿ ಹೋಗಿದೆ ಎಂದೇ ತಿಳಿದುಕೊಳ್ಳಿ” ಎಂಬಂತೆ ದೊಡ್ಡ ಮಿತಿಯನ್ನೇ ಹೇಳಿ. ಆಮೇಲೆ ಕಡಿಮೆಯಾದರೆ ಯಾರೂ ಬೈಯುವುದಿಲ್ಲ. ಹೋಗಿರುವುದು ಫೋನ್ ನಂಬರೇ, ವಿಳಾಸವೇ, ಕಾರ್ಡಿನ ವಿವರವೇ ಎಂಬುದನ್ನು ಬಿಡಿಸಿ ಬರೆಯಿರಿ. ಪಾಸ್‌ವರ್ಡ್ ಬದಲಿಸಲು ಹೇಳಿ, ನಿಮ್ಮ ಕಂಪನಿಯ ಹೆಸರಿನಲ್ಲಿ ಒಟಿಪಿ ಕೇಳುವ ಕರೆ ಬರಬಹುದೆಂದು ಎಚ್ಚರಿಸಿ, ಮನುಷ್ಯರು ಎತ್ತುವ ಒಂದು ಫೋನ್ ನಂಬರ್ ಕೊಡಿ.

2024ರ ಜುಲೈ 19ರಂದು ಸೈಬರ್ ಭದ್ರತಾ ಕಂಪನಿ ಕ್ರೌಡ್‌ಸ್ಟ್ರೈಕ್‌ನ ಒಂದು ಅಪ್‌ಡೇಟ್ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳನ್ನು ನಿಲ್ಲಿಸಿತು. ಭಾರತದ ವಿಮಾನ ನಿಲ್ದಾಣಗಳಲ್ಲಿ ಕೈಬರಹದ ಬೋರ್ಡಿಂಗ್ ಪಾಸ್ ಕೊಟ್ಟರು. ಎಲ್ಲಿ ಎಡವಿತು ಎಂಬ ತಾಂತ್ರಿಕ ವಿವರವನ್ನು ಕಂಪನಿ ದಿನಗಳೊಳಗೆ ಬಿಡಿಸಿ ಪ್ರಕಟಿಸಿತು, ಅದನ್ನು ಮಾದರಿಯಾಗಿ ಓದಬಹುದು. ಜೊತೆಯಲ್ಲೇ ಪಾಲುದಾರರಿಗೆ 10 ಡಾಲರ್ ಊಟದ ಕೂಪನ್ ಕಳಿಸಿತು, ಅದು ಸಿಟ್ಟು ಹೆಚ್ಚಿಸಿತು. ರಾತ್ರಿಯಿಡೀ ಯಂತ್ರ ಸರಿಮಾಡಿದವರಿಗೆ ಕೂಪನ್ ಅವಮಾನದಂತೆ ಕಾಣುತ್ತದೆ.

ಪ್ರಶ್ನೆ: ಉದ್ಯೋಗಿಯೊಬ್ಬರು ಲೈಂಗಿಕ ಕಿರುಕುಳದ ಬಗ್ಗೆ ಲಿಂಕ್ಡ್‌ಇನ್‌ನಲ್ಲಿ ಬರೆದಿದ್ದಾರೆ. ನಮ್ಮ ಕಡೆಯ ಸತ್ಯ ಹೇಳಬಹುದೇ?
— ಎಚ್‌ಆರ್ ವಿಭಾಗ, ಹುಬ್ಬಳ್ಳಿ

ಉತ್ತರ: ಬೇಡ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ 16ನೇ ಕಲಂ ದೂರುದಾರರ, ಆರೋಪಿಯ, ಸಾಕ್ಷಿಗಳ ಗುರುತು ಮತ್ತು ವಿಚಾರಣೆಯ ವಿವರ ಬಹಿರಂಗಪಡಿಸುವುದನ್ನು ನಿಷೇಧಿಸುತ್ತದೆ. ದೂರು ಆಂತರಿಕ ಸಮಿತಿಯ ಮುಂದಿದೆಯೇ, ಸಮಿತಿಯಲ್ಲಿ ಹೊರಗಿನ ಸದಸ್ಯರು ಇದ್ದಾರೆಯೇ, ಕಾಯ್ದೆ ಕೊಟ್ಟ 90 ದಿನದಲ್ಲಿ ಮುಗಿಸುತ್ತೀರೇ, ಇಷ್ಟು ಹೇಳಬಹುದು. ಬರೆದವರ ಕೆಲಸದ ಗುಣಮಟ್ಟದ ಬಗ್ಗೆ ಒಂದಕ್ಷರ ಬರೆದರೂ ಅದನ್ನು ಸೇಡೆಂದೇ ಓದುತ್ತಾರೆ, ಹಾಗೆ ಓದುವುದೇ ಸರಿ.

ಪ್ರಶ್ನೆ: ಕಂಪನಿ ಮಾಲು ವಾಪಸ್ ಪಡೆಯುವಾಗ ಎಲ್ಲರ ಬೈಗುಳ ತಿನ್ನುವವರು ನಾವು. ನಮಗೆ ವಿಷಯ ಗೊತ್ತಾಗುವುದೇ ಟಿ.ವಿ.ಯಿಂದ.
— ವಿತರಕರು, ದಾವಣಗೆರೆ

ಉತ್ತರ: ನಿಮ್ಮ ದೂರು ನ್ಯಾಯವಾದದ್ದು, ಕಂಪನಿಗಳು ಅತಿ ಹೆಚ್ಚು ಎಡವುವ ಜಾಗವೂ ಇದೇ. ಗ್ರಾಹಕರು ಮೊದಲು ಕೇಳುವುದು ಕಿರಾಣಿ ಅಂಗಡಿಯವರನ್ನು. ಅವರು ‘ನಮಗೇನೂ ಗೊತ್ತಿಲ್ಲ’ ಎಂದರೆ ಟಿ.ವಿ.ಯಲ್ಲಿ ಎಂಥ ಹೇಳಿಕೆ ಕೊಟ್ಟರೂ ವ್ಯರ್ಥ. ಸೇಲ್ಸ್ ಹುಡುಗರು ಬೆಳಿಗ್ಗೆ ಲೈನ್‌ಗೆ ಹೊರಡುವ ಮೊದಲು ಅವರ ಕೈಗೆ ಕನ್ನಡದ ಒಂದು ಪುಟ ಬರಬೇಕು. ಅದರಲ್ಲಿ ಯಾವ ಬ್ಯಾಚ್, ಪ್ಯಾಕೆಟ್ಟಿನ ಯಾವ ಮೂಲೆಯಲ್ಲಿ ನಂಬರ್ ಇದೆ ಎಂಬ ಫೋಟೊ, ಗ್ರಾಹಕರಿಗೆ ಹಣ ಯಾರು ಕೊಡಬೇಕು, ಮಾಲು ಎತ್ತುವ ದಿನ, ಕ್ರೆಡಿಟ್ ನೋಟ್ ಎಷ್ಟು ದಿನದಲ್ಲಿ ಎಂಬುದಿರಲಿ. ಇದನ್ನು ಕಂಪನಿಯಿಂದ ಲಿಖಿತವಾಗಿ ಕೇಳಿ ಪಡೆಯಿರಿ. ನಿಮ್ಮ ಕಡೆಯಿಂದ, ಪ್ರತಿ ಅಂಗಡಿಯ ವಾಪಸಾತಿಗೆ ಸಹಿ ಹಾಕಿಸಿಕೊಳ್ಳಿ, ಅದನ್ನು ಡ್ಯಾಮೇಜ್, ಎಕ್ಸ್‌ಪೈರಿ ಮಾಲಿನ ಜೊತೆ ಬೆರೆಸದೆ ಬೀಗದ ಕೋಣೆಯಲ್ಲಿಡಿ. ವಾಪಸ್ ಬಂದ ಮಾಲು ಕಡಿಮೆ ಬೆಲೆಗೆ ಸಂತೆಯಲ್ಲಿ ಕಾಣಿಸಿಕೊಂಡರೆ ಎರಡನೇ ಹಗರಣ ನಿಮ್ಮ ಹೆಸರಿನಲ್ಲಿ ಶುರುವಾಗುತ್ತದೆ. ನಾಶಪಡಿಸಿದ ಪ್ರಮಾಣಪತ್ರದ ಪ್ರತಿಯನ್ನೂ ಕೇಳಿ ಇಟ್ಟುಕೊಳ್ಳಿ.

ಪ್ರಶ್ನೆ: ಕೆಟ್ಟ ಸುದ್ದಿ ಗೂಗಲ್‌ನಲ್ಲಿ ಕೆಳಗೆ ತಳ್ಳುತ್ತೇವೆ, ಐನೂರು ಒಳ್ಳೆಯ ರಿವ್ಯೂ ಹಾಕಿಸುತ್ತೇವೆ ಎಂದು ಏಜೆನ್ಸಿಯೊಂದು ಬಂದಿದೆ.
— ಹೋಟೆಲ್ ಮಾಲೀಕರು, ಶಿವಮೊಗ್ಗ

ಉತ್ತರ: ಹಣ ಕೊಡಬೇಡಿ. ಕೊಂಡ ರಿವ್ಯೂಗಳು ಒಂದೇ ವಾರದಲ್ಲಿ, ಒಂದೇ ಬಗೆಯ ಮಾತಿನಲ್ಲಿ ಬರುತ್ತವೆ, ಓದುವವರಿಗೆ ತಕ್ಷಣ ಗೊತ್ತಾಗುತ್ತದೆ. ಆನ್‌ಲೈನ್ ರಿವ್ಯೂಗಳಿಗೆ ಭಾರತೀಯ ಮಾನಕ ಸಂಸ್ಥೆ ಬಿಐಎಸ್ 2022ರಲ್ಲೇ ಐಎಸ್ 19000 ಎಂಬ ಮಾನದಂಡ ತಂದಿದೆ, ಕೊಂಡು ಬರೆಸಿದ ರಿವ್ಯೂಗಳಿಗೆ ಅದು ವಿರುದ್ಧ. ಅದೇ ಹಣದಲ್ಲಿ ಅಡುಗೆಮನೆ ಸರಿಮಾಡಿ, ನಿಜವಾದ ದೂರುಗಳಿಗೆ ಒಂದೊಂದಾಗಿ ಉತ್ತರಿಸಿ.

ಪ್ರಶ್ನೆ: ಇನ್ನೂ ಏನೂ ಆಗಿಲ್ಲ. ಮೊದಲೇ ಏನು ಸಿದ್ಧತೆ ಮಾಡಿಕೊಳ್ಳಬಹುದು?
— ಬೇಕರಿ ತಿನಿಸು ತಯಾರಕರು, ಬೆಳಗಾವಿ

ಉತ್ತರ: ವರ್ಷಕ್ಕೆ ಎರಡು ಸಲ ಹುಸಿ ವಾಪಸಾತಿ ಮಾಡಿ. ಯಾರಿಗೂ ಮೊದಲೇ ಹೇಳದೆ ಒಂದು ದಿನ ಹಳೆಯ ಬ್ಯಾಚ್ ನಂಬರ್ ಆರಿಸಿ, ಅದಕ್ಕೆ ಬಳಸಿದ ಮೈದಾ, ಎಣ್ಣೆ ಯಾರಿಂದ ಬಂತು, ತಿನಿಸು ಯಾರ್ಯಾರಿಗೆ ಹೋಯಿತು ಎಂದು ಕೇಳಿ. ಅಂತರರಾಷ್ಟ್ರೀಯ ಆಹಾರ ಗುಣಮಟ್ಟದ ಆಡಿಟ್‌ಗಳಲ್ಲಿ ನಾಲ್ಕು ಗಂಟೆಯೊಳಗೆ ಉತ್ತರ ಬರಬೇಕೆನ್ನುತ್ತಾರೆ. ಮೊದಲ ಸಲ ನಿಮ್ಮಲ್ಲಿ ಎರಡು ದಿನ ಹಿಡಿಯಬಹುದು, ಲೆಕ್ಕದಲ್ಲಿ ಹತ್ತು ಹದಿನೈದು ಬಾಕ್ಸ್ ಎಲ್ಲಿ ಹೋಯಿತೆಂದು ಸಿಗದಿರಬಹುದು. ಸಾಮಾನ್ಯವಾಗಿ ಅವು ಕೌಂಟರಿನಲ್ಲಿ ಬಿಲ್ ಇಲ್ಲದೆ ಮಾರಿದವು, ಸ್ಯಾಂಪಲ್ ಕೊಟ್ಟವು, ಇಲ್ಲವೇ ಎರಡು ಬ್ಯಾಚಿನ ಉಳಿಕೆ ಸೇರಿಸಿ ಪ್ಯಾಕ್ ಮಾಡಿದವು. ಆ ಮೂರನೆಯದನ್ನು ಅಂದೇ ನಿಲ್ಲಿಸಿ.

ಮಾಧ್ಯಮದ ಜೊತೆ ಮಾತಾಡುವವರು ಒಬ್ಬರೇ ಇರಲಿ, ಅವರು ಊರಲ್ಲಿಲ್ಲದಾಗ ಇನ್ನೊಬ್ಬರು. ಅವರಿಬ್ಬರೂ ಒಮ್ಮೆಯಾದರೂ ಫೋನ್ ಕ್ಯಾಮೆರಾ ಮುಂದೆ ನಿಂತು, ಮನೆಯವರಿಂದಲೇ ಒರಟು ಪ್ರಶ್ನೆ ಕೇಳಿಸಿಕೊಂಡು ಉತ್ತರಿಸಿ ಅಭ್ಯಾಸ ಮಾಡಲಿ. ಸೆಕ್ಯುರಿಟಿಯವರಿಗೆ, ರಿಸೆಪ್ಷನ್‌ನವರಿಗೆ ಕಲಿಸಬೇಕಾದ್ದು ಒಂದೇ ವಾಕ್ಯ: “ಕುಳಿತುಕೊಳ್ಳಿ, ಅರ್ಧ ಗಂಟೆಯೊಳಗೆ ಸಂಬಂಧಪಟ್ಟವರು ಬಂದು ಮಾತಾಡುತ್ತಾರೆ.” ಕ್ಯಾಮೆರಾಗೆ ಕೈ ಅಡ್ಡ ಇಡಬಾರದು. ಸ್ಟಾಕಿಸ್ಟ್‌ಗಳು, ಲ್ಯಾಬ್, ವಕೀಲರು, ವಿಮೆ ಕಂಪನಿ, ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಯ ನಂಬರ್‌ಗಳು ಮೊಬೈಲ್‌ನಲ್ಲಿ ಮಾತ್ರವಲ್ಲ, ಕಾಗದದ ಮೇಲೂ ಇರಲಿ. ವಿಮೆಯ ಪಾಲಿಸಿ ತೆಗೆದು, ಮಾಲು ವಾಪಸ್ ಪಡೆಯುವ ಖರ್ಚು ಅದರಲ್ಲಿ ಸೇರಿದೆಯೇ ಎಂದು ಈ ವಾರವೇ ಓದಿ ನೋಡಿ. ಸಾಮಾನ್ಯ ಬೆಂಕಿ–ಕಳವು ಪಾಲಿಸಿಯಲ್ಲಿ ಅದು ಇರುವುದಿಲ್ಲ, ಬೇರೆಯಾಗಿ ಕೇಳಿ ಕೊಳ್ಳಬೇಕು.